ಎಕ್ಸ್ ಸೊನ್ನೆಯೂ ಆಗಬಹುದು

ಜನವರಿ 14, ಮಂಗಳವಾರ

ಪ್ರತಿ ತರಗತಿ ಮುಗಿದ ಮೇಲೆ ಒಂದಿಷ್ಟು ಬರೆಯಬೇಕೆಂದು ಮಿಸೆಸ್ ಕೊವಾಲಿಕ್ ಅಪ್ಪಣೆ ಮಾಡಿದ್ದಾರೆ. ಬರೆಯಬೇಕಾದ್ದು ಲೆಕ್ಕವಲ್ಲವಂತೆ, ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಏನೇನಾಯಿತು ಎಂದು. "ನನಗೆ ತೋರಿಸಬೇಡಿ, ಓದೋ ಆಸೆನೂ ನನಗಿಲ್ಲ. ನಿಮಗೆ ನೀವೇ ಬರ್ಕೊಳ್ಳಿ. ಎಲ್ಲಿ ಎಡವ್ತೀರಿ ಅಂತ ಗೊತ್ತಾಗುತ್ತೆ" ಎಂದರು.

ಎಲ್ಲಿ ಎಡವುತ್ತೇನೆಂದು ನನಗೆ ಚೆನ್ನಾಗಿ ಗೊತ್ತಿದೆ ತಾಯಿ, ಬೀಜಗಣಿತದಲ್ಲಿ. ಒಂದು ಸಲ ನಪಾಸು, ಇನ್ನೊಂದು ಸಲ ಅರ್ಧಕ್ಕೇ ಬಿಟ್ಟು ಓಡಿದೆ. ಇದು ಮೂರನೆಯ ಸಲ. ಈ ಕಾಲೇಜಿನಲ್ಲಿ ನಾಲ್ಕನೆಯ ಸಲ ಎಂಬುದಿಲ್ಲ. ಈ ಬುನಾದಿ ಗಣಿತ ಪಾಸಾದರೆ ಆಗಸ್ಟಿನಲ್ಲಿ ನರ್ಸಿಂಗ್ ಸೀಟು. ಇಲ್ಲದಿದ್ದರೆ ವೃದ್ಧಾಶ್ರಮದಲ್ಲಿ ಸೊಂಟ ಬೀಳುವ ತನಕ ಆಯಾ ಕೆಲಸ. ನೋವು ನೋವೆಂದು ಕೈ ಹಿಡಿದುಕೊಂಡವರಿಗೆ ಒಂದು ಮಾತ್ರೆ ಕೊಡುವ ಹಕ್ಕು ಆಯಾಗೆ ಇಲ್ಲ. ನರ್ಸನ್ನು ಹುಡುಕಿಕೊಂಡು ಓಡಬೇಕು. ನಲವತ್ತೊಂಬತ್ತನೆಯ ವಯಸ್ಸಿಗೆ ಓಡಿ ಓಡಿ ಸಾಕಾಗಿದೆ.

ಈ ಸಲ ತರಗತಿ ಹಳೆಯ ಕಟ್ಟಡದಲ್ಲಿಲ್ಲ. ಬಾಗಿಲು ಮುಚ್ಚಿದ್ದ ಮಾಲನ್ನು ಕಾಲೇಜಿನವರು ಬಾಡಿಗೆಗೆ ಹಿಡಿದಿದ್ದಾರೆ. ನಮ್ಮ ಕೋಣೆ ಮೊದಲು ಬೂಟಿನಂಗಡಿಯಾಗಿತ್ತು. ಕಪಾಟುಗಳನ್ನು ಕಿತ್ತು ಬಿಳಿ ಬೋರ್ಡು ಹಾಕಿದ್ದಾರೆ. ಆದರೆ ಬೂಟು ತೊಟ್ಟು ನೋಡಿಕೊಳ್ಳುವ ಗಿಡ್ಡ ಕನ್ನಡಿಗಳು ಗೋಡೆಯ ಬುಡದಲ್ಲಿ ಸಾಲಾಗಿ ಹಾಗೇ ಉಳಿದುಕೊಂಡಿವೆ. ಬೋರ್ಡಿನ ಕಡೆ ಮುಖ ಮಾಡಿ ಕುಳಿತರೆ ಅದರ ಕೆಳಗೆ ಇಡೀ ತರಗತಿಯ ಕಾಲುಗಳು ಕಾಣುತ್ತವೆ, ಮೊಣಕಾಲಿನಿಂದ ಮೇಲೆ ಯಾರೂ ಇಲ್ಲ.

ನನ್ನ ಗಂಡ ಹರ್ಶೆಲ್‌ಗೆ ನಾವು ಕೆಲಸದ ಬೂಟು ಕೊಂಡದ್ದು ಈ ಅಂಗಡಿಯಲ್ಲೇ. ಹೊಸದನ್ನು ತೊಟ್ಟು ಈ ಕನ್ನಡಿಗಳ ಮುಂದೆ ಆ ತುದಿಯಿಂದ ಈ ತುದಿಗೆ ನಡೆದು, "ಹೇಗಿದೆ ರೊ?" ಎಂದು ನನ್ನನ್ನು ಕೇಳಿದ್ದ. "ಕಚ್ಚುತ್ತೆ ಕಣೇ" ಎಂದೂ ಹೇಳಿದ್ದ. ನಾನು, "ನಾಲ್ಕು ದಿನ ಹಾಕ್ಕೊಂಡು ಓಡಾಡು, ತಾನಾಗೇ ಸಡಿಲ ಆಗುತ್ತೆ" ಎಂದಿದ್ದೆ. ಲೆಕ್ಕದ ಮೊದಲ ದಿನ ಮನಸ್ಸಿನಲ್ಲಿ ಆದದ್ದು ಇದು. ಲೆಕ್ಕ ಏನು ಮಾಡಿಸಿದರೋ ನೆನಪಿಲ್ಲ.

ಜನವರಿ 16, ಗುರುವಾರ

ಇವತ್ತು ಎಕ್ಸ್ ಬಂತು. ತರಗತಿಯಲ್ಲಿ ಯಾರೋ, "ಮೇಡಂ, ಎಕ್ಸ್ ಎಲ್ಲಿ ಕಳೆದುಹೋಯ್ತು ಅಂತ ನಾವ್ಯಾಕೆ ಹುಡುಕಬೇಕು?" ಎಂದ. ಎಲ್ಲರೂ ನಕ್ಕರು. ಮಿಸೆಸ್ ಕೊವಾಲಿಕ್ ನಗಲಿಲ್ಲ. ಅವರು ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬರುವವರು. ನಗುವ ಅಭ್ಯಾಸ ತಪ್ಪಿಹೋಗಿದೆ.

"ಎಕ್ಸ್ ಕಳೆದುಹೋಗಿಲ್ಲ" ಎಂದರು. "ನಮಗಿನ್ನೂ ಗೊತ್ತಾಗಿಲ್ಲ, ಅಷ್ಟೆ."

ಆ ಮಾತು ಕೇಳಿ ಎದ್ದುಹೋಗಿ ಅವರನ್ನು ಅಪ್ಪಿಕೊಳ್ಳೋಣ ಅನ್ನಿಸಿತು. ನಾನು ಇಷ್ಟು ವರ್ಷ ಹೇಳುತ್ತಿರುವುದು ಇದನ್ನೇ. ಹರ್ಶೆಲ್ ಕಲ್ಲಿದ್ದಲು ತುಂಬಿದ ಚಪ್ಪಟೆ ದೋಣಿಗಳನ್ನು, ಅಂದರೆ ಬಾರ್ಜುಗಳನ್ನು, ನೂಕುವ ಬೋಟಿನಲ್ಲಿ ಕೆಲಸ ಮಾಡುತ್ತಿದ್ದ. ಮಂಜು ಕವಿದ ಒಂದು ಬೆಳಿಗ್ಗೆ ಬಾರ್ಜಿನ ಅಂಚಿನಲ್ಲಿ ಹಗ್ಗ ಬಿಗಿಯುತ್ತಿದ್ದವನು ಆಮೇಲೆ ಅಲ್ಲಿರಲಿಲ್ಲ. ಬರುವ ಮಾರ್ಚಿಗೆ ಆರು ವರ್ಷ. ಒಹಾಯೋ ನದಿಯನ್ನು ಕೆಳಗಿನ ಎರಡು ಅಣೆಕಟ್ಟಿನ ತನಕ ಜಾಲಾಡಿದರು, ಅವನು ಸಿಗಲಿಲ್ಲ. ಸಿಗಲಿಲ್ಲ ಎಂದರೆ ಸತ್ತ ಎಂದಲ್ಲ. ಅವನ ಅಕ್ಕ ವಿಲ್ಡಾ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲು ನೆಡಿಸೋಣ ಎಂದು ವರ್ಷಕ್ಕೆರಡು ಸಲ ಪೀಠಿಕೆ ಹಾಕುತ್ತಾಳೆ. ಬದುಕಿರಬಹುದಾದವನ ತಲೆಯ ಮೇಲೆ ಕಲ್ಲು ಯಾಕೆ ನೆಡಬೇಕು?

ಆ ಕಚ್ಚುವ ಹೊಸ ಬೂಟನ್ನು ಆ ಪ್ರಯಾಣಕ್ಕೆ ಅವನು ಹಾಕಿಕೊಂಡು ಹೋಗಿರಲಿಲ್ಲ. ಅದು ಹಿಂಬಾಗಿಲ ಹತ್ತಿರ ಹಾಗೇ ಇದೆ. ಕಟ್ಟಿಗೆಯ ತುಂಡಿನಷ್ಟು ಬಿರುಸು.

ಜನವರಿ 30, ಗುರುವಾರ

ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು! ತಪ್ಪಿ ಬೇರೆಯವರ ಉತ್ತರಪತ್ರಿಕೆ ಕೊಟ್ಟರೇನೋ ಎಂದು ಹೆಸರು ನೋಡಿದೆ. ನನ್ನದೇ.

ಲಾಮಾಂಟ್ ಗಿವೆನ್ಸ್ ಇಣುಕಿ ನೋಡಿ ಶಿಳ್ಳೆ ಹೊಡೆದ. ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಹೀಟರು ರಿಪೇರಿ ಕಲಿಯಲು ಬಂದಿರುವ ಮನುಷ್ಯ. ನನ್ನ ಓರಗೆಯವನು, ಬಾಯಿ ಮಾತ್ರ ಹನ್ನೆರಡು ವರ್ಷದ ಹುಡುಗನದು. "ಏನಮ್ಮಾ ರೊ, ಎರಡು ಸಲ ಡುಮ್ಕಿ ಹೊಡೆದೆ ಅಂತ ಬುರುಡೆ ಬಿಟ್ಟಿದ್ದಾ? ನಮ್ಮನ್ನ ಹೆದರಿಸೋಕೆ?"

"ಸುಮ್ನಿರಪ್ಪಾ. ನಿನ್ನದೆಷ್ಟು?"

"ನನ್ನದು ಕೇಳ್ಬೇಡ. ನಮ್ಮಮ್ಮನಿಗೆ ಬಿಪಿ ಇದೆ."

ಒಳ್ಳೆಯವನೇ. ಆದರೆ ನನ್ನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯ ಕುರ್ಚಿಯಲ್ಲಿ ಕೂರುತ್ತಾನೆ. ತರಗತಿ ಕಿಕ್ಕಿರಿದಿದ್ದರೂ ನಮ್ಮಿಬ್ಬರ ನಡುವೆ ಆ ಒಂದು ಕುರ್ಚಿ ಖಾಲಿ. ವೃದ್ಧಾಶ್ರಮದಿಂದ ನೇರವಾಗಿ ಬರುತ್ತೇನಲ್ಲ, ನನ್ನ ಮೈಯಿಂದ ಫಿನಾಯಿಲ್ ವಾಸನೆ ಬರುತ್ತದೆಯೋ ಏನೋ. ಬಂದರೆ ಬರಲಿ.

ಮನೆಗೆ ಬಂದು ಅಂಕ ಎಷ್ಟೆಂದು ಜೋರಾಗಿ ಹೇಳಿದೆ. ಬೀನ್ಸ್ ಬೇಯಿಸಿ ಜೋಳದ ಬ್ರೆಡ್ ಮಾಡಿದೆ, ಇಬ್ಬರಿಗಾಗುವಷ್ಟು. ಹಿಂಬಾಗಿಲ ಹತ್ತಿರ ಗುಡಿಸುವಾಗ ಬೂಟು ಕೈಗೆ ತಾಕಿತು. ಹೆಬ್ಬೆರಳು ಮಡಿಚುವ ಜಾಗದಲ್ಲಿ ಚರ್ಮ ಸಣ್ಣಗೆ ಸುಕ್ಕುಗಟ್ಟಿದೆ. ಒಳ್ಳೆಯ ಚರ್ಮ ಚಳಿಗೆ ಹಾಗಾಗುತ್ತದೆಯೇನೋ.

ಫೆಬ್ರವರಿ 11, ಮಂಗಳವಾರ

ಎರಡೂ ಬದಿಗೆ ಒಂದೇ ಕೆಲಸ ಮಾಡಬೇಕು. ಎಡದಿಂದ ಮೂರು ತೆಗೆದರೆ ಬಲದಿಂದಲೂ ಮೂರು. ಇದು ನ್ಯಾಯ. ನನಗೆ ಹಿಡಿಸಿತು. ಎರಡು ತಟ್ಟೆ, ಎರಡು ಕಪ್, ಎರಡು ದಿಂಬು, ಇದನ್ನು ನಾನು ಮೊದಲಿನಿಂದಲೂ ಪಾಲಿಸಿಕೊಂಡೇ ಬಂದಿದ್ದೇನೆ.

ಲೆಕ್ಕದ ಮಧ್ಯೆ ಪೆನ್ಸಿಲು ಬಿತ್ತು. ಬಗ್ಗಿದಾಗ ಎದುರಿನ ಗಿಡ್ಡ ಕನ್ನಡಿ ಕಣ್ಣಿಗೆ ಬಿತ್ತು. ನನ್ನ ಬಿಳಿ ಕೆಲಸದ ಷೂ ಇತ್ತು, ಲಾಮಾಂಟ್‌ನ ಹರಿದ ಓಟದ ಷೂ ಇತ್ತು. ನಡುವಿನ ಖಾಲಿ ಕುರ್ಚಿಯ ಕೆಳಗೆ ಒಂದು ಜೊತೆ ಕಂದು ಬೂಟು, ಒದ್ದೆಯಾಗಿತ್ತು. ಲೇಸಿನ ತುದಿಯನ್ನು ಎರಡು ಸಲ ಸುತ್ತಿ ಒಳಗೆ ತೂರಿಸಿತ್ತು, ಬೋಟಿನವರು ಎಲ್ಲೂ ಸಿಕ್ಕಿಹಾಕಿಕೊಳ್ಳದಿರಲೆಂದು ಮಾಡುವ ಹಾಗೆ.

ತಲೆಯೆತ್ತಿ ಕುರ್ಚಿ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಬಗ್ಗಿ ನೋಡುವ ಅಗತ್ಯ ಕಾಣಲಿಲ್ಲ. ಉಳಿದ ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದ ಹಾಗೆ ನಿದ್ದೆ ಬಂತು.

ಫೆಬ್ರವರಿ 22, ಶನಿವಾರ

ವಿಲ್ಡಾ ಬಂದಿದ್ದಳು. ಮೇಜಿನ ಮೇಲಿನ ಎರಡನೆಯ ಕಪ್ ನೋಡಿ ತುಟಿ ಬಿಗಿದಳು.

"ಇನ್ನೂ ಅವನಿಗೆ ಕಾಫಿ ಇಡ್ತೀಯಾ?"

"ಕುಡೀತಾನಲ್ಲ, ಇಡ್ತೀನಿ."

ಬಾಯಿ ತಪ್ಪಿ ಬಂದ ಮಾತೇನಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಪ್ ಅರ್ಧವಾಗಿರುತ್ತದೆ, ಹೊಸ ವರ್ಷದಿಂದೀಚೆಗೆ ದಿನವೂ. ವಿಲ್ಡಾ ನನ್ನ ಕೈ ಹಿಡಿದುಕೊಂಡಳು. "ರೊವೀನಾ, ಚಿನ್ನಾ, ಕಾಫಿ ಆವಿ ಆಗುತ್ತೆ ಕಣೇ. ಎಲ್ಲರ ಮನೇಲೂ ಆಗುತ್ತೆ." ಅರ್ಧ ಕಪ್ ಕಾಫಿ ಹತ್ತು ನಿಮಿಷದಲ್ಲಿ ಆವಿಯಾದದ್ದನ್ನು ನಾನೆಲ್ಲೂ ಕಂಡಿಲ್ಲ. ಆದರೆ ತಮ್ಮನನ್ನು ಕಳೆದುಕೊಂಡವಳ ಜೊತೆ ವಾದ ಯಾಕೆ?

ಹೋಗುವಾಗ ಹಿಂಬಾಗಿಲಲ್ಲಿ ನಿಂತು, "ಇದು ಹೊಸ ಬೂಟು ಅಂತಿದ್ದೆ?" ಎಂದಳು. ಹೊಸದೇ ಎಂದೆ. ಅವಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಮುಂಬಾಗಿಲಿಂದ ಹೋದಳು.

ಮಾರ್ಚ್ 13, ಗುರುವಾರ

ಮಂಜು. ನದಿ ಕಾಣುತ್ತಿಲ್ಲ. ಇವತ್ತಿಗೆ ಆರು ವರ್ಷ. ತರಗತಿಗೆ ಹೋದೆ. ಕುರ್ಚಿಯ ಕೆಳಗೆ ಇದ್ದ.

ಮಾರ್ಚ್ 25, ಮಂಗಳವಾರ

ಮೂರನೆಯ ಪರೀಕ್ಷೆಯಲ್ಲಿ ನಲವತ್ತೆಂಟು.

ವರ್ಗ ಇರುವ ಸಮೀಕರಣಗಳ ಅಧ್ಯಾಯ. ಕಳೆದ ಎರಡು ಸಲವೂ ನಾನು ಮುಗ್ಗರಿಸಿದ್ದು ಇಲ್ಲೇ. ಪ್ರತಿ ಲೆಕ್ಕದ ಪಕ್ಕದಲ್ಲೂ ಮಿಸೆಸ್ ಕೊವಾಲಿಕ್ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದಾರೆ: ಇನ್ನೊಂದು ಉತ್ತರ ಎಲ್ಲಿ?

ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಎಕ್ಸ್‌ನ ವರ್ಗ ಸಮ ನಾಲ್ಕು ಎಕ್ಸ್.

"ಬಿಡಿಸಿ, ಮಿಸೆಸ್ ಟ್ಯಾಕೆಟ್."

ಎರಡೂ ಬದಿಯನ್ನು ಎಕ್ಸ್‌ನಿಂದ ಭಾಗಿಸಿದೆ. ಎಕ್ಸ್ ಸಮ ನಾಲ್ಕು.

"ಯಾಕೆ ಭಾಗಿಸಿದ್ರಿ?"

"ಎರಡೂ ಕಡೆ ಒಂದೇ ಕೆಲಸ ಮಾಡಬಹುದು ಅಂತ ನೀವೇ ಹೇಳಿದ್ರಲ್ಲ ಮೇಡಂ."

"ಹೇಳಿದ್ದೆ. ಸೊನ್ನೆಯಿಂದ ಮಾತ್ರ ಭಾಗಿಸೋ ಹಾಗಿಲ್ಲ ಅಂತಾನೂ ಹೇಳಿದ್ದೆ. ಎಕ್ಸ್ ಸೊನ್ನೆ ಅಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ನಾನು ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡೆ.

"ಯಾರೂ ಹೇಳಿಲ್ಲ. ನೀವೇ ತೀರ್ಮಾನ ಮಾಡಿಬಿಟ್ರಿ. ಅದು ಏನೋ ಒಂದು ಇದ್ದೇ ಇದೆ ಅಂತ ಅಂದ್ಕೊಂಡೇ ಲೆಕ್ಕ ಶುರು ಮಾಡಿದ್ರಿ. ಭಾಗಿಸಿದ ತಕ್ಷಣ ಒಂದು ಉತ್ತರ ಕೈ ಜಾರಿ ಹೋಯ್ತು. ಎಕ್ಸ್ ನಾಲ್ಕಾಗಬಹುದು. ಎಕ್ಸ್ ಸೊನ್ನೆಯೂ ಆಗಬಹುದು."

"ಗೊತ್ತಾಗದೇ ಇರೋದು ಅಷ್ಟೆ ಅಂದಿದ್ರಿ" ಎಂದೆ. ನನ್ನ ದನಿ ಯಾಕೆ ಅಷ್ಟು ಏರಿತೋ.

ಅವರು ಬೋರ್ಡಿನ ಪೆನ್ನಿಗೆ ಮುಚ್ಚಳ ಹಾಕಿದರು. "ಈ ಅಧ್ಯಾಯದಲ್ಲಿ ಈ ತಪ್ಪು ತರಗತಿಯ ಅರ್ಧ ಜನ ಮಾಡ್ತಾರೆ. ಒಂದು ಸಲ ತೋರಿಸಿದ್ರೆ ತಿದ್ಕೋತಾರೆ. ನಿಮಗೆ ಮೂರು ವಾರದಿಂದ ತೋರಿಸ್ತಿದ್ದೀನಿ. ಕೊನೆ ಪರೀಕ್ಷೆಯ ಅರ್ಧ ಭಾಗ ಇದೇ. ಇದನ್ನ ದಾಟದೆ ನೀವು ಪಾಸಾಗಲ್ಲ."

ಕಾರಿನಲ್ಲಿ ಕುಳಿತು ಅತ್ತೆ. ಸಿಟ್ಟಿನಿಂದ ಅತ್ತದ್ದು, ದುಃಖ ಅಂತೇನಿಲ್ಲ.

ಏಪ್ರಿಲ್ 1, ಮಂಗಳವಾರ

ಹೋಂವರ್ಕಿಗೆ ಕುಳಿತೆ. ಮಿಸೆಸ್ ಕೊವಾಲಿಕ್ ಹೇಳಿಕೊಟ್ಟ ದಾರಿ ಹೀಗಿದೆ. ಭಾಗಿಸಬಾರದು. ಇರುವುದನ್ನೆಲ್ಲ ಒಂದೇ ಬದಿಗೆ ತರಬೇಕು, ಇನ್ನೊಂದು ಬದಿಯಲ್ಲಿ ಸೊನ್ನೆ ಮಾತ್ರ ಉಳಿಯಬೇಕು. ಎರಡು ಪದಗಳಲ್ಲೂ ಇರುವ ಎಕ್ಸನ್ನು ಹೊರಗೆ ತೆಗೆದಿಡಬೇಕು. ಎರಡನ್ನು ಗುಣಿಸಿದಾಗ ಸೊನ್ನೆ ಬಂದರೆ ಅವೆರಡರಲ್ಲಿ ಒಂದು ಸೊನ್ನೆಯಾಗಿರಲೇಬೇಕು.

ಮೊದಲ ಲೆಕ್ಕದಲ್ಲಿ ಎಕ್ಸ್ ಸಮ ಆರು ಎಂದು ಬರೆದೆ. ಅದರ ಪಕ್ಕದಲ್ಲಿ ಎಕ್ಸ್ ಸಮ ಸೊನ್ನೆ ಎಂದು ಬರೆಯಲು ಬಹಳ ಹೊತ್ತು ಹಿಡಿಯಿತು. ಪೆನ್ಸಿಲು ಒತ್ತಿ ಬರೆದದ್ದಕ್ಕೆ ಹಾಳೆ ಹರಿಯಿತು.

ಏಪ್ರಿಲ್ 2, ಬುಧವಾರ

ಸ್ನಾನ ಮುಗಿಸಿ ಬಂದೆ. ಅವನ ಕಪ್ ತುಂಬಿತ್ತು. ಕೆನೆಗಟ್ಟಿ ತಣ್ಣಗಾಗಿತ್ತು.

ಏಪ್ರಿಲ್ 3, ಗುರುವಾರ

ಮತ್ತೆ ತುಂಬಿತ್ತು. ಕಾಫಿಪುಡಿ ಬದಲಾಯಿಸಿದ್ದಕ್ಕೆ ಇರಬೇಕು.

ಏಪ್ರಿಲ್ 6, ಭಾನುವಾರ

ನಿನ್ನೆ ಇನ್ನೆರಡು ಲೆಕ್ಕ ಸರಿಯಾಗಿ ಬಿಡಿಸಿದೆ, ಎರಡೆರಡು ಉತ್ತರದ ಸಮೇತ. ಇವತ್ತು ಅವನ ಕ್ಯಾನ್ವಾಸಿನ ಕೋಟನ್ನು ಮೂಗಿಗೆ ಹಿಡಿದೆ. ಆರು ವರ್ಷದಿಂದ ಡೀಸೆಲ್ಲು ಮತ್ತು ಪುದೀನ ತಂಬಾಕಿನ ವಾಸನೆ ಹಿಡಿದುಕೊಂಡಿದ್ದ ಕೋಟು. ಈಗ ಬರೀ ಬಟ್ಟೆ ವಾಸನೆ. ಕಾಲರ್ ಹತ್ತಿರ, ತೋಳಿನೊಳಗೆ, ಜೇಬಿನಲ್ಲಿ, ಎಲ್ಲಾ ಕಡೆ ಮೂಸಿ ನೋಡಿದೆ. ಅಂಗಡಿಯಲ್ಲಿ ತೂಗುಹಾಕಿದ ಕೋಟಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಮಂಚದಲ್ಲಿ ಅವನ ಕಡೆಯ ಹಾಸಿಗೆಯ ತಗ್ಗೂ ಮೇಲೆ ಬಂದಿದೆ.

ಏನಾಗುತ್ತಿದೆಯೆಂದು ಅರ್ಥ ಮಾಡಿಕೊಳ್ಳಲು ನಾನೇನು ದಡ್ಡಿಯಲ್ಲ. ಒಂದೊಂದು ಸೊನ್ನೆ ಬರೆದ ಹಾಗೂ ಅವನದು ಒಂದೊಂದು ಮನೆಯಿಂದ ಹೋಗುತ್ತಿದೆ.

ಬೂಟು ಇದೆ. ಈಗ ಕೈಯಲ್ಲಿ ಹಿಡಿದರೆ ಬಾಗುವಷ್ಟು ಮೆತ್ತಗಾಗಿದೆ, ಹಿಮ್ಮಡಿ ಒಂದು ಕಡೆ ಸವೆದಿದೆ. ಎಡಗಡೆಯದು, ಹೊರಬದಿ. ಅವನು ಹಾಗೇ ನಡೆಯುತ್ತಿದ್ದ.

ಏಪ್ರಿಲ್ 10, ಗುರುವಾರ

ಹೋಂವರ್ಕು ಮಾಡಲಿಲ್ಲ. ಮಾಡುವುದೂ ಇಲ್ಲ.

ಲಾಮಾಂಟ್ ಕೇಳಿದ, "ಏನಾಯ್ತು ರೊ? ನಿನ್ನ ನೋಡಿ ಬರ್ಕೊಳ್ಳೋಣ ಅಂತ ನಾನು ಬಂದ್ರೆ ನೀನು ಖಾಲಿ ಹಾಳೆ ಇಟ್ಕೊಂಡು ಕೂತಿದ್ದೀಯ?"

"ನರ್ಸು ಆಗದೇ ಇದ್ರೆ ಏನಾಗುತ್ತೆ? ಇಷ್ಟು ದಿನ ಆಗಿದ್ನಾ ನಾನು?"

"ಅಯ್ಯೋ. ನನ್ನ ಹಾಸಿಗೆ ಪಕ್ಕ ಯಾರು ಬರ್ತಾರೆ ಮತ್ತೆ? ಮುದುಕ ಆದ್ಮೇಲೆ ನಿನ್ನ ವಾರ್ಡಿಗೇ ಬರೋದು ಅಂತ ತೀರ್ಮಾನ ಮಾಡ್ಬಿಟ್ಟಿದ್ದೀನಿ ನಾನು."

ನಗು ಬಂತು, ಆದರೂ ಬರೆಯಲಿಲ್ಲ. ಕನ್ನಡಿಯಲ್ಲಿ ಬೂಟು ಕಾಣುತ್ತಿತ್ತು. ನನ್ನ ಕಡೆ ಸ್ವಲ್ಪ ವಾಲಿದ ಹಾಗಿತ್ತು.

ಏಪ್ರಿಲ್ 17, ಗುರುವಾರ

ಮಿಸ್ ಡೆಲ್ಫಾ ಇವತ್ತು ಮಧ್ಯಾಹ್ನ ಹೋದರು.

ಅವರು ವೃದ್ಧಾಶ್ರಮದ ಕಿಟಕಿ ಪಕ್ಕದ ಕೋಣೆಯವರು. ಹತ್ತು ಗಂಟೆಗೇ ನೋವು ಶುರುವಾಯಿತು. ಬರೆದುಕೊಟ್ಟ ಔಷಧಿ ಬೀಗ ಹಾಕಿದ ತಳ್ಳುಗಾಡಿಯಲ್ಲಿತ್ತು. ಬೀಗದ ಕೈ ಇದ್ದ ನರ್ಸು ಇನ್ನೊಂದು ಕಟ್ಟಡದಲ್ಲಿ ಬಿದ್ದವರೊಬ್ಬರನ್ನು ಎತ್ತಿಸುತ್ತಿದ್ದಳು, ಎರಡೂ ಕಟ್ಟಡಕ್ಕೆ ಅವಳೊಬ್ಬಳೇ. ನಾನು ಓಡಿದೆ, ವಾಪಸು ಬಂದೆ, ಮತ್ತೆ ಓಡಿದೆ. ನಡುವೆ ಮಿಸ್ ಡೆಲ್ಫಾ ನನ್ನ ಕೈಗೆ ಉಗುರು ಊರಿ, "ನೀನೇ ಕೊಡೇ ರೊವೀನಾ. ನೀನಿದ್ದೀಯಲ್ಲ ಇಲ್ಲಿ" ಎಂದರು.

ಇದ್ದೆ. ಎರಡು ಅಡಿ ದೂರದಲ್ಲಿ ಗಾಡಿಯೂ ಇತ್ತು. ನರ್ಸು ಬಂದು ಕೊಟ್ಟಳು, ಮಿಸ್ ಡೆಲ್ಫಾ ಸಮಾಧಾನವಾಗಿಯೇ ಹೋದರು. ಆದರೆ ಆ ನಡುವಿನ ಹೊತ್ತು ಇತ್ತಲ್ಲ, ಅದನ್ನು ಅವರಿಗೆ ಯಾರು ವಾಪಸು ಕೊಡುತ್ತಾರೆ?

ಕೈಯ ಮೇಲೆ ಉಗುರಿನ ಗುರುತು ಇನ್ನೂ ಇದೆ. ಇಲ್ಲದವನಿಗಾಗಿ ಇರುವವರನ್ನು ಕಾಯಿಸಿದೆ ಎಂದು ತರಗತಿಗೆ ಹೋಗುವ ದಾರಿಯಲ್ಲೆಲ್ಲ ಅನ್ನಿಸುತ್ತಿತ್ತು.

ಏಪ್ರಿಲ್ 24, ಗುರುವಾರ

ಇಡೀ ವಾರ ಬಿಡಿಸಿದೆ. ಬಿಟ್ಟ ಲೆಕ್ಕ ಒಂದೂ ಇಲ್ಲ. ಅಡುಗೆಮನೆಯಲ್ಲಿ ಕುಳಿತು, ಆಶ್ರಮದ ಊಟದ ಬಿಡುವಿನಲ್ಲಿ, ಕಾರಿನಲ್ಲಿ. ಸೊನ್ನೆ ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ, ಆಮೇಲೆ ಬರೆಯುತ್ತದೆ. ಮನೆ ಎಷ್ಟು ದೊಡ್ಡದಾಗಿ ಕಾಣುತ್ತಿದೆ! ರಾತ್ರಿ ಹೊತ್ತು ತಾನಾಗೇ ಮೆಟ್ಟಿಲು ಕಿರುಗುಟ್ಟುತ್ತಿತ್ತು, ಅದೂ ನಿಂತಿದೆ.

ಮಿಸೆಸ್ ಕೊವಾಲಿಕ್ ಅವರನ್ನು ಒಂದು ಮಾತು ಕೇಳಿದೆ. "ಎರಡು ಉತ್ತರ ಬಂದಾಗ ನಿಜವಾದದ್ದು ಯಾವುದು ಮೇಡಂ?"

"ಎರಡೂ."

"ಎರಡೂ ಹೇಗೆ? ಒಂದು ಸೊನ್ನೆ, ಇನ್ನೊಂದು ಸೊನ್ನೆ ಅಲ್ಲ."

"ತೆಗೊಂಡು ಹೋಗಿ ಎಕ್ಸ್ ಇರೋ ಜಾಗದಲ್ಲಿ ಇಟ್ಟು ನೋಡಿ. ಸೊನ್ನೆ ಇಟ್ರೂ ಎರಡು ಬದಿ ಸರಿಹೋಗುತ್ತೆ. ಇನ್ನೊಂದನ್ನಿಟ್ರೂ ಸರಿಹೋಗುತ್ತೆ. ಒಂದು ಬಂತು ಅಂತ ಇನ್ನೊಂದು ಸುಳ್ಳಾಗಲ್ಲ." ಆಮೇಲೆ ಪುಸ್ತಕ ಚೀಲಕ್ಕೆ ಹಾಕುತ್ತಾ, ನನ್ನ ಮುಖ ನೋಡದೆ, "ನನ್ನ ಯಜಮಾನರು ಹೋಗಿ ಹನ್ನೊಂದು ವರ್ಷ ಆಯ್ತು. ದಿನಾ ಬೆಳಿಗ್ಗೆ ಜಗಳ ಆಡ್ತೀನಿ ಅವರ ಜೊತೆ" ಎಂದರು.

ಬೆಳಿಗ್ಗೆ ಕಾಫಿಪುಡಿ ಅರ್ಧ ಚಮಚ ಕಡಿಮೆ ಹಾಕಿದೆ. ದಿನವೂ ಚೆಲ್ಲುವುದು ದಂಡ.

ಮೇ 6, ಮಂಗಳವಾರ

ಕೊನೆಯ ಪರೀಕ್ಷೆ.

ಮೊದಲ ಪುಟ ಸಲೀಸು. ಎರಡನೆಯ ಪುಟ ತಿರುಗಿಸಿದರೆ ಅಲ್ಲೇ ಕಾದು ಕುಳಿತಿತ್ತು: ಐದು ಎಕ್ಸ್ ವರ್ಗ ಸಮ ಮೂವತ್ತೈದು ಎಕ್ಸ್. ಎಲ್ಲವನ್ನೂ ಎಡಕ್ಕೆ ತಂದೆ. ಎಕ್ಸನ್ನು ಹೊರಗಿಟ್ಟೆ. ಎಕ್ಸ್ ಸಮ ಏಳು ಎಂದು ಬರೆದೆ.

ಆಗ ಕನ್ನಡಿಯ ಕಡೆ ನೋಡಿದೆ. ಬೂಟು ಇತ್ತು. ಮನೆಯಲ್ಲಿ ಬೇರೆಲ್ಲ ಹೋಗಿದ್ದರೂ ಅದೊಂದು ಹೋಗಿರಲಿಲ್ಲ. ನೀರು ತೊಟ್ಟಿಕ್ಕುತ್ತಿತ್ತು, ಆದರೆ ನೆಲಕ್ಕೆ ಬೀಳುವ ಸದ್ದಿಲ್ಲ. ಕೋಣೆಯಲ್ಲಿ ಪೆನ್ಸಿಲುಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇಷ್ಟು ತಿಂಗಳು ಹೆದರಿರಲಿಲ್ಲ. ಇವತ್ತು ಹೆದರಿಕೆಯಾಯಿತು. ಅವನು ಬರುತ್ತಾನೆಂದಲ್ಲ, ಹೋಗಿಬಿಡುತ್ತಾನೆಂದು.

ಕೈಯ ಮೇಲೆ ಮಿಸ್ ಡೆಲ್ಫಾ ಅವರ ಉಗುರಿನ ಗುರುತು ಮಾಸಿದೆ. ಆ ಜಾಗ ಮುಟ್ಟಿಕೊಂಡೆ. ಎಕ್ಸ್ ಸಮ ಸೊನ್ನೆ ಎಂದು ಬರೆದೆ.

ಬೂಟುಗಳು ಎದ್ದವು. ಬೇರೆ ಮಾತು ತಿಳಿಯದೆ ಹೀಗೆ ಬರೆಯುತ್ತಿದ್ದೇನೆ. ಕೂತವನು ಏಳುವಾಗ ಹಿಮ್ಮಡಿಗೆ ಭಾರ ಬೀಳುವ ಹಾಗೆ ಚರ್ಮ ಹಿಗ್ಗಿತು. ಮೊದಲ ಕನ್ನಡಿಯಿಂದ ಎರಡನೆಯದಕ್ಕೆ ಹೋದವು, ಎರಡನೆಯದರಿಂದ ಮೂರನೆಯದಕ್ಕೆ. ಗೋಡೆಯ ಕೊನೆಯ ಕನ್ನಡಿಯಲ್ಲಿ ನಿಂತು, ತಿರುಗಿ, ಬೆರಳಿನ ತುದಿ ನನ್ನ ಕಡೆ ಮಾಡಿದವು. ಅಂಗಡಿಯಲ್ಲಿ ಅವತ್ತು ನಿಂತ ಹಾಗೆಯೇ.

"ಈಗ ಕಾಲಿಗೆ ಚೆನ್ನಾಗಿ ಕೂತಿದೆ" ಎಂದೆ, ತುಟಿಯಲ್ಲೇ.

ಮಿಸೆಸ್ ಕೊವಾಲಿಕ್ ತಲೆಯೆತ್ತಿ, "ಮಾತು ಬೇಡ, ಮಿಸೆಸ್ ಟ್ಯಾಕೆಟ್" ಎಂದರು. ನಾನು ಮತ್ತೆ ನೋಡಿದಾಗ ಆ ಕನ್ನಡಿಯಲ್ಲಿ ಬಾಗಿಲಿನ ಕೆಳಅಂಚು ಮಾತ್ರ ಇತ್ತು. ಉಳಿದ ಲೆಕ್ಕಗಳನ್ನು ಬಿಡಿಸಿದೆ. ಪ್ರತಿಯೊಂದನ್ನೂ ಇಟ್ಟು ನೋಡಿದೆ.

ಮೇ 8, ಗುರುವಾರ

ಪಾಸು. ಎಂಬತ್ತಮೂರು. ಆಗಸ್ಟಿಗೆ ನರ್ಸಿಂಗ್.

ಮಿಸೆಸ್ ಕೊವಾಲಿಕ್ ಕೈ ಕುಲುಕಿದರು. ಲಾಮಾಂಟ್ ಕೂದಲೆಳೆಯಲ್ಲಿ ಪಾಸು. ಇಡೀ ಮಾಲಿಗೆ ಕೇಳುವ ಹಾಗೆ ಕೂಗಿ, ಬಂದು ನನ್ನ ಪಕ್ಕದ ಕುರ್ಚಿಯ ಮೇಲೆ ಅಂಗೈ ಆಡಿಸಿ ನೋಡಿ, ಧೊಪ್ಪನೆ ಕೂತ.

"ಕೊನೆಗೂ ಒಣಗ್ತಲ್ಲಪ್ಪಾ ಇದು!"

"ಏನು?"

"ಈ ಕುರ್ಚಿ. ಮೊದಲ ದಿನ ಕೂತು ಪ್ಯಾಂಟೆಲ್ಲ ನೆಂದುಹೋಯ್ತು. ಆಮೇಲೆ ಯಾವಾಗ ಮುಟ್ಟಿ ನೋಡಿದ್ರೂ ಒದ್ದೆ, ನದಿ ನೀರಿನ ವಾಸನೆ. ಚಾವಣಿ ಸೋರುತ್ತೆ ಅಂತ ಮೂರು ಸಲ ಆಫೀಸಿಗೆ ಹೇಳ್ದೆ. ಬಂದು ನೋಡಿ ಎಲ್ಲೂ ಸೋರಲ್ಲ ಅಂದ್ರು. ನೀನೇನಂದ್ಕೊಂಡಿದ್ದೆ, ನಿನ್ನ ಪಕ್ಕ ಕೂರೋಕೆ ನನಗೆ ನಾಚಿಕೆ ಅಂತಾನಾ?"

ಫಿನಾಯಿಲ್ ವಾಸನೆಯ ವಿಷಯ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

ಮನೆಗೆ ಬಂದು ವಿಲ್ಡಾಗೆ ಫೋನು ಮಾಡಿದೆ. ಪಾಸಾದೆ ಎಂದೆ. ಕಲ್ಲು ನೆಡಿಸು ಎಂದೂ ಹೇಳಿದೆ. ಆಮೇಲೆ ಇಬ್ಬರೂ ಅತ್ತೆವು.

ಮೇ 26, ಸೋಮವಾರ

ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೂವಿಡುವ ದಿನ. ನದಿ ಕಾಣುವ ದಿಣ್ಣೆಯ ಮೇಲೆ ಹರ್ಶೆಲ್‌ನ ಕಲ್ಲು ನೆಟ್ಟೆವು. ಕಲ್ಲಿನ ಕೆಳಗೆ ಏನಾದರೂ ಇಡಬೇಕಲ್ಲ ಎಂದು ವಿಲ್ಡಾ ಕೇಳಿದ್ದಳು, ಆ ಬೂಟು ಎಂದಿದ್ದೆ. ಬೆಳಿಗ್ಗೆ ಕಾಫಿ ಕುಡಿದು, ಕಪ್ ತೊಳೆದಿಟ್ಟು, ಬೂಟುಗಳನ್ನು ಸಣ್ಣ ಮರದ ಪೆಟ್ಟಿಗೆಗೆ ಹಾಕಿದೆ. ಆರು ವರ್ಷ ದಿನವೂ ತೊಟ್ಟ ಹಾಗೆ ಮೆತ್ತಗೆ, ಒಣಗಿ, ಹಗುರವಾಗಿದ್ದವು. ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟೆ.

ಲಾಮಾಂಟ್ ಗುದ್ದಲಿ ತಂದಿದ್ದ. ಗುಂಡಿ ತೋಡಿದ ಮೇಲೆ ಪೆಟ್ಟಿಗೆ ತರಲು ಕಾರಿಗೆ ಹೋದ. ಎತ್ತಲು ಹೋಗಿ ಹಾಗೇ ನಿಂತುಬಿಟ್ಟ.

"ರೊ, ಏನು ತುಂಬಿದ್ದೀಯ ಇದರಲ್ಲಿ?"

"ಬೂಟು."

"ಬರೀ ಬೂಟಾ?"

ಅವನು ವಿಲ್ಡಾಳ ಗಂಡನನ್ನು ಕರೆದ. ಇಬ್ಬರೂ ಆ ಕಡೆ ಈ ಕಡೆ ಹಿಡಿದು, ಹೆಜ್ಜೆ ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳುತ್ತಾ, ಹುಲ್ಲಿನ ಮೇಲೆ ತಂದರು. ಇಬ್ಬರ ಕತ್ತಿನ ನರಗಳೂ ಉಬ್ಬಿದ್ದವು. ಇಳಿಸುವಾಗ ಹಗ್ಗ ಬೇಕಾಯಿತು. ಪೆಟ್ಟಿಗೆಯ ಸಂದಿನಿಂದ ಒಂದಿಷ್ಟು ನೀರು ಜಿನುಗಿ ಹುಲ್ಲಿನಲ್ಲಿ ಇಂಗಿತು. ವಿಲ್ಡಾ ನನ್ನ ತೋಳು ಹಿಡಿದುಕೊಂಡಳು.

ಸೊನ್ನೆಯನ್ನು ಇಟ್ಟು ನೋಡಿದ್ದೆ, ಸರಿಹೋಗಿತ್ತು. ಈ ಭಾರವನ್ನೂ ಇಟ್ಟು ನೋಡಿದೆ, ಸರಿಹೋಯಿತು. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ.